ಸವೆಯೋಕೇ ಹುಟ್ಟಿದ ಪ್ಲೇಟು: ಸ್ಪೋರ್ಟ್ಸ್ ಕಾರಿನ ಕ್ಲಚ್ಚಿಗೂ ಒಂದು ಚರಿತ್ರೆ ಇದೆ

ಭಾಗ 1/10 – ಆ ವಾಸನೆ

ಘಾಟಿ ರಸ್ತೇಲಿ ತುಂಬಿದ ಕಾರು ಹತ್ತುವಾಗ ಒಂದು ವಾಸನೆ ಬರುತ್ತಲ್ಲ, ಏನೋ ಸುಟ್ಟು ಕರಕಲಾದ ಹಾಗೆ? ಹಿಂದಿನ ಸೀಟಿನಿಂದ ಯಾರಾದ್ರೂ "ಕ್ಲಚ್ ಸುಡ್ತಿದೆ ಕಣೋ, ಕಾಲು ತೆಗಿ" ಅಂತ ಕೂಗೇ ಕೂಗ್ತಾರೆ. ಡ್ರೈವಿಂಗ್ ಕಲಿತಿರೋ ಎಲ್ಲರೂ ಒಂದಲ್ಲ ಒಂದು ದಿನ ಈ ಬೈಗುಳ ತಿಂದಿರ್ತೀವಿ.

ಹೋದ ವಾರ ಇಂಜಿನ್ ಸರಣಿ ಮುಗಿಸಿದಾಗ ತುಂಬಾ ಜನ ಕೇಳಿದ್ರಿ: "ಕೋಟಿಗಟ್ಟಲೆ ಬೆಲೆಯ ಸೂಪರ್‌ಕಾರಿಗೂ ಕ್ಲಚ್ ಸವೆಯುತ್ತಾ? ಅಷ್ಟು ದುಡ್ಡು ಕೊಟ್ರೂ ಸವೆಯದೇ ಇರೋದು ಮಾಡೋಕೆ ಆಗಲ್ವಾ?"

ಸವೆಯುತ್ತೆ. ಕೆಲವು ಸಲ ನಮ್ಮ ಅಪ್ಪನ ಕಾರಿಗಿಂತ ಬೇಗ ಸವೆಯುತ್ತೆ. ಯಾಕಂದ್ರೆ ಸವೆಯೋದು ಕ್ಲಚ್ಚಿನ ದೋಷ ಅಲ್ಲ, ಅದರ ಕೆಲಸ. ಇಂಜಿನ್ನು, ಗೇರ್‌ಬಾಕ್ಸು ಉಳೀಬೇಕು ಅಂದ್ರೆ ನಡುವೆ ಯಾರಾದ್ರೂ ಪೆಟ್ಟು ತಿನ್ನಬೇಕು. ಆ ಪೆಟ್ಟು ಯಾವ ವಸ್ತುವಿನ ಮೇಲೆ ಬೀಳಬೇಕು, ಅದರ ಬೆಲೆ ಯಾರು ತೆರಬೇಕು? ಕ್ಲಚ್ಚಿನ ಚರಿತ್ರೆ ಪೂರ್ತಿ ಈ ಪ್ರಶ್ನೆಯ ಸುತ್ತಾನೇ ತಿರುಗುತ್ತೆ. ಒಂದು ಕಾಲಕ್ಕೆ ಆ ಬೆಲೆಯನ್ನ ಮನುಷ್ಯರ ಶ್ವಾಸಕೋಶ ತೆತ್ತಿದೆ. ಅದನ್ನೂ ಹೇಳ್ತೀನಿ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/10 – ಮೊದಲು ಸ್ವಲ್ಪ ಲೆಕ್ಕ

ಪೆಟ್ರೋಲ್ ಇಂಜಿನ್ನಿಗೆ ಒಂದು ಹಟ ಇದೆ. ಅದು ಸೊನ್ನೆಯಿಂದ ಶುರು ಮಾಡಲ್ಲ. ನಿಮಿಷಕ್ಕೆ ಇಷ್ಟು ಸುತ್ತು ತಿರುಗ್ತಾನೇ ಇರಬೇಕು, ಇಲ್ಲಾಂದ್ರೆ ಆಫ್. ಆದರೆ ಸಿಗ್ನಲ್‌ನಲ್ಲಿ ನಿಂತಿರೋ ಕಾರಿನ ಚಕ್ರದ ವೇಗ ಸೊನ್ನೆ. ತಿರುಗ್ತಿರೋದನ್ನ ನಿಂತಿರೋದಕ್ಕೆ ಜೋಡಿಸಬೇಕು. ಸಟಕ್ಕನೆ ಜೋಡಿಸಿದ್ರೆ ಇಂಜಿನ್ ನಿಲ್ಲುತ್ತೆ, ಇಲ್ಲಾ ಏನಾದ್ರೂ ಮುರಿಯುತ್ತೆ. ಅದಕ್ಕೇ ನಡುವೆ ಒಂದು ಪ್ಲೇಟ್ ಇಟ್ಟು, ಜಾರಿಸ್ತಾ ಜಾರಿಸ್ತಾ ಎರಡರ ವೇಗವನ್ನೂ ಒಂದು ಮಾಡ್ತೀವಿ. ಆ ಜಾರಾಟವೇ ಹಾಫ್ ಕ್ಲಚ್.

ಜಾರಿದಾಗ ಉಜ್ಜುತ್ತೆ, ಉಜ್ಜಿದಾಗ ಬಿಸಿ ಆಗುತ್ತೆ. ಎಷ್ಟು ಬಿಸಿ? ಇಂಜಿನ್ ಒಂದೇ ವೇಗದಲ್ಲಿ ಇದ್ದು, ರಸ್ತೆ ಸಮ ಇದ್ರೆ, ಕಾರಿಗೆ ಎಷ್ಟು ಚಲನಶಕ್ತಿ ಸಿಗುತ್ತೋ ಸರಿಯಾಗಿ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖ ಆಗಿ ಹೋಗುತ್ತೆ. ಅರ್ಧಕ್ಕೆ ಅರ್ಧ!

1400 ಕೆ.ಜಿ. ಕಾರು ತಗೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಕ್ಲಚ್ ಪೂರ್ತಿ ಹಿಡೀತು ಅಂದ್ರೆ ಸುಮಾರು 49 ಕಿಲೋಜೂಲ್ ಶಾಖ. ಅದೇ ಕಾರನ್ನ ರೇಸ್ ಸ್ಟಾರ್ಟ್ ಥರ ಇಂಜಿನ್ ಕಿರುಚಿಸಿ, 60 ಕಿ.ಮೀ. ವೇಗಕ್ಕೆ ಕ್ಲಚ್ ಹಿಡಿಯೋ ಹಾಗೆ ಬಿಟ್ರೆ ಸುಮಾರು 194 ಕಿಲೋಜೂಲ್. ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು. ಅರ್ಧ ಲೀಟರ್ ನೀರು ಕುದಿಸೋಕೆ ಅಷ್ಟು ಸಾಕು. ಅಂದ್ರೆ ಮೂರ್ನಾಲ್ಕು ಲೋಟ ಚಹಾದ ಬಿಸಿ, ಕೆಲವೇ ಸೆಕೆಂಡಿನಲ್ಲಿ, ಒಂದು ತೆಳು ಪ್ಲೇಟಿನ ಮೈಮೇಲೆ.

ಈ ಲೆಕ್ಕ ತಲೇಲಿ ಇಟ್ಕೊಳ್ಳಿ. ಮುಂದಿನ ನೂರು ವರ್ಷದ ಕಥೆಯೆಲ್ಲ ಈ ಶಾಖವನ್ನ ಎಲ್ಲಿಗೆ ಕಳಿಸೋದು ಅನ್ನೋದೇ.

ಭಾಗ 3/10 – ಚರ್ಮ, ಹರಳೆಣ್ಣೆ, ಮುಲ್ತಾನಿ ಮಿಟ್ಟಿ

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಈಗಿನ ಥರದ ಕ್ಲಚ್ ಇರಲಿಲ್ಲ. ಹಳೇ ಹಿಟ್ಟಿನ ಗಿರಣಿ ನೋಡಿದ್ರೆ ಅರ್ಥ ಆಗುತ್ತೆ: ಬೆಲ್ಟನ್ನ ಸುಮ್ಮನೆ ತಿರುಗೋ ರಾಟೆಯಿಂದ ಕೆಲಸ ಮಾಡೋ ರಾಟೆಗೆ ಪಕ್ಕಕ್ಕೆ ಸರಿಸಿದ್ರೆ ಗಾಡಿ ಹೊರಡ್ತಿತ್ತು. ಜಾರೋದು ಬೆಲ್ಟು, ಸವೆಯೋದೂ ಬೆಲ್ಟು.

1888ರ ಆಗಸ್ಟ್‌ನಲ್ಲಿ ಬೆಂಜ್ ಹೆಂಡತಿ ಬರ್ಥಾ ಇಬ್ಬರು ಗಂಡುಮಕ್ಕಳನ್ನ ಕೂರಿಸಿಕೊಂಡು, ಗಂಡನಿಗೂ ಹೇಳದೆ, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿ.ಮೀ. ದಾಟಿದ ಪ್ರಯಾಣ. ದಾರೀಲಿ ಬ್ರೇಕಿನ ಮರದ ತುಂಡು ಸವೆದುಹೋಯ್ತು. ಬರ್ಥಾ ಏನು ಮಾಡಿದ್ರು ಗೊತ್ತಾ? ಒಬ್ಬ ಚಮ್ಮಾರನ ಹತ್ತಿರ ಹೋಗಿ ಬ್ರೇಕಿಗೆ ಚರ್ಮ ಹೊಡೆಸಿಕೊಂಡರು. ಉಜ್ಜಿದಾಗ ಸವೆಯೋ ಭಾಗಕ್ಕೆ ಬೇರೆ ಮೈ ಕೊಟ್ಟು, ಅದನ್ನ ಆಗಾಗ ಬದಲಾಯಿಸೋ ಪದ್ಧತಿ ಕಾರಿನ ಲೋಕಕ್ಕೆ ಬಂದಿದ್ದು ಹೀಗೆ.

ಅದೇ ಚರ್ಮ ಮುಂದೆ ಕ್ಲಚ್ಚಿಗೂ ಬಂತು. 1900ರ ಆಸುಪಾಸಿನ ಕಾರುಗಳಲ್ಲಿ ಕೋನ್ ಕ್ಲಚ್ ಸಾಮಾನ್ಯ. ಫ್ಲೈವೀಲಿನಲ್ಲಿ ಆಲಿಕೆ ಆಕಾರದ ಗುಂಡಿ, ಅದರೊಳಗೆ ಕೂರೋಕೆ ಚರ್ಮ ಸುತ್ತಿದ ಇನ್ನೊಂದು ಆಲಿಕೆ, ಒತ್ತಿ ಹಿಡಿಯೋಕೆ ಸ್ಪ್ರಿಂಗು. ಚರ್ಮ ಒಣಗಿ ಗಟ್ಟಿಯಾದ್ರೆ ಕಾರು ಗಬಕ್ಕನೆ ನೆಗೀತಿತ್ತು. ಮೆತ್ತಗಾಗಲಿ ಅಂತ ಹರಳೆಣ್ಣೆನೋ, ದನದ ಕಾಲೆಲುಬಿನ ಎಣ್ಣೆನೋ ಸವರೋರು. ಎಣ್ಣೆ ಜಾಸ್ತಿ ಆದ್ರೆ ಜಾರಾಟ. ಆಗ ಅದರ ಮೇಲೆ ಮುಲ್ತಾನಿ ಮಿಟ್ಟಿ ಜಾತಿಯ ಮಣ್ಣಿನ ಪುಡಿ ಉದುರಿಸೋರು. ಹೌದು, ಮುಖಕ್ಕೆ ಹಚ್ಕೋತೀವಲ್ಲ, ಅದೇ! ಆ ಕಾಲದ ಡ್ರೈವರು ಅರ್ಧ ಮೆಕ್ಯಾನಿಕ್ಕು, ಅರ್ಧ ಬ್ಯೂಟಿ ಪಾರ್ಲರು.

ಭಾಗ 4/10 – ಹಳೇ ಬೂಟಿನಿಂದ ಹುಟ್ಟಿದ ಕಂಪನಿ

ಚರ್ಮಕ್ಕೆ ಒಂದು ಮಿತಿ ಇದೆ: ಬಿಸಿ ಜಾಸ್ತಿ ಆದ್ರೆ ಸುಟ್ಟುಹೋಗುತ್ತೆ. ಇಂಜಿನ್ ಬಲ ಏರ್ತಾ ಹೋದ ಹಾಗೆ ಈ ಮಿತಿ ಬೇಗ ಬಂತು.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡು. ಅಲ್ಲಿನ ಗಾಡಿಯವರು ಇಳಿಜಾರಿನಲ್ಲಿ ಕುದುರೆಗಾಡಿ ಹಿಡಿದು ನಿಲ್ಲಿಸೋಕೆ ಚಕ್ರಕ್ಕೆ ಹಳೇ ಬೂಟು ಒತ್ತಿಸ್ತಿದ್ದರು. ಇದನ್ನ ನೋಡಿದ ಹರ್ಬರ್ಟ್ ಫ್ರೂಡ್ ಅನ್ನೋರು, ಬೂಟಿಗಿಂತ ಒಳ್ಳೇದು ಮಾಡ್ತೀನಿ ಅಂತ 1897ರಲ್ಲಿ ಕೆಲಸ ಶುರು ಮಾಡಿದರು. ಅದೇ ಫೆರೊಡೊ. ಅವರ ಹೆಸರಿನ ಅಕ್ಷರಗಳನ್ನ ಕಲಸಿ, ಹೆಂಡತಿ ಎಲಿಜಬೆತ್ ಹೆಸರಿನ ಮೊದಲ ಅಕ್ಷರ ಸೇರಿಸಿ ಕಟ್ಟಿದ ಹೆಸರು ಅಂತಾರೆ. ಬ್ರೇಕ್ ಪ್ಯಾಡ್ ಡಬ್ಬಿ ಮೇಲೆ ಇವತ್ತಿಗೂ ಆ ಹೆಸರು ನೋಡಬಹುದು.

ಮೊದಲು ಹತ್ತಿ ಬಟ್ಟೆಗೆ ಅಂಟು ಕುಡಿಸಿದ ಪಟ್ಟಿ. ಆಮೇಲೆ, 20ನೇ ಶತಮಾನದ ಮೊದಲ ದಶಕದಲ್ಲೇ, ಇನ್ನೊಂದು ವಸ್ತು ಸಿಕ್ತು. ಕಲ್ಲಿನ ಥರ ಗಣಿಯಿಂದ ತೆಗೀತಾರೆ, ಆದರೆ ಹತ್ತಿ ಥರ ನೂಲು ತೆಗೀಬಹುದು, ಬಟ್ಟೆ ನೇಯಬಹುದು. ಬೆಂಕಿಗೆ ಸುಡಲ್ಲ. ಅಗ್ಗ. ಅದು ಆಸ್ಬೆಸ್ಟಾಸ್, ಕನ್ನಡದಲ್ಲಿ ಕಲ್ನಾರು.

ಇಂಜಿನಿಯರುಗಳಿಗೆ ವರ ಸಿಕ್ಕ ಹಾಗಾಯ್ತು. ಮುಂದಿನ ಸುಮಾರು ಎಂಬತ್ತು ವರ್ಷ ಬಹುಪಾಲು ಕಾರಿನ ಕ್ಲಚ್ಚಿನಲ್ಲೂ ಬ್ರೇಕಿನಲ್ಲೂ ಕಲ್ನಾರೇ.

ಭಾಗ 5/10 – ನೆಲ್ಲಿ ಕರ್ಷಾ

ಕಾರಿನ ಪುಸ್ತಕದಲ್ಲಿ ಈ ಹೆಸರು ಸಾಮಾನ್ಯವಾಗಿ ಸಿಗಲ್ಲ, ಅದಕ್ಕೇ ಇಲ್ಲಿ ಹೇಳ್ತಿದ್ದೀನಿ.

ನೆಲ್ಲಿ ಕರ್ಷಾ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಹೆಣ್ಣುಮಗಳು. ಕಲ್ನಾರಿನ ಕಾರ್ಖಾನೆಯಲ್ಲಿ ನೂಲು ತೆಗೆಯೋ ಕೆಲಸ. ಮೂವತ್ತು ದಾಟುತ್ತಿದ್ದ ಹಾಗೇ ಉಸಿರಾಡೋಕೆ ಆಗದ ಸ್ಥಿತಿ. ಕಾರ್ಖಾನೆ ಪರಿಹಾರ ಕೊಡಲಿಲ್ಲ. 1924ರ ಮಾರ್ಚ್‌ನಲ್ಲಿ ತೀರಿಕೊಂಡರು, ವಯಸ್ಸು 33. ಅವರ ಶ್ವಾಸಕೋಶವನ್ನ ಪರೀಕ್ಷೆ ಮಾಡಿದ ಡಾ. ಕುಕ್ ಅನ್ನೋರು ಒಳಗೆ ಕಲ್ನಾರಿನ ಕಣ ಕಂಡು, ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಲ್ನಾರಿನಿಂದ ಆದ ಸಾವಿನ ಬಗ್ಗೆ ವೈದ್ಯಪತ್ರಿಕೆಯಲ್ಲಿ ಬಂದ ಮೊದಲ ವರದಿಗಳಲ್ಲಿ ಇದೂ ಒಂದು.

ಅವರು ತೆಗೆದ ನೂಲು ಯಾವುದೋ ಕ್ಲಚ್ಚಿಗೇ ಹೋಯ್ತು ಅಂತ ನಾನು ಹೇಳ್ತಿಲ್ಲ. ಆದರೆ ಕ್ಲಚ್ ಪ್ಲೇಟಿನ ಮೈ ಇಂಥ ನೂಲಿನಿಂದಲೇ ಆಗ್ತಿತ್ತು. 1931ರಲ್ಲಿ ಬ್ರಿಟನ್ ಕಾರ್ಖಾನೆಯೊಳಗಿನ ಧೂಳಿಗೆ ನಿಯಮ ತಂತು. ಗ್ಯಾರೇಜಿನ ಧೂಳಿನ ಬಗ್ಗೆ ಮಾತ್ರ ದಶಕಗಟ್ಟಲೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಪ್ಲೇಟ್ ಸವೀತು ಅಂದ್ರೆ ಆ ಸವೆದ ಮೈ ಎಲ್ಲಿ ಹೋಯ್ತು? ಕ್ಲಚ್ ಹೌಸಿಂಗ್ ಒಳಗೆ ಪುಡಿಯಾಗಿ ಕೂತಿರುತ್ತೆ. ಬಿಚ್ಚಿದ ಮೆಕ್ಯಾನಿಕ್ ಗಾಳಿ ಪೈಪ್ ಹಿಡಿದು ಉಫ್ ಅಂತ ಊದ್ತಾನೆ. ಕಾಯಿಲೆ ಕಾಣಿಸಿಕೊಳ್ಳೋದು ಎಷ್ಟೋ ದಶಕ ಆದ ಮೇಲೆ.

ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ನೆಲ್ಲಿ ಸತ್ತು 75 ವರ್ಷ ಆದ ಮೇಲೆ.

ನಿಮ್ಮಲ್ಲಿ ಹಳೇ ಕಾರು, ಹಳೇ ಜೀಪು ರೆಡಿ ಮಾಡೋ ಹುಚ್ಚಿರೋರಿಗೆ ಒಂದು ಮಾತು. ಹಳೇ ಕ್ಲಚ್ಚಿನ ಧೂಳನ್ನ ಗಾಳಿಯಿಂದ ಊದಬೇಡಿ, ಒಣ ಬ್ರಷ್ಷಿನಿಂದ ಕೊಡವಬೇಡಿ. ಒದ್ದೆ ಮಾಡಿ, ಒದ್ದೆ ಬಟ್ಟೇಲಿ ಒರೆಸಿ, ಬಟ್ಟೆನ ಕವರಿನಲ್ಲಿ ಕಟ್ಟಿ ಬಿಸಾಕಿ, ಧೂಳಿಗೆ ತಕ್ಕ ಒಳ್ಳೆ ಮಾಸ್ಕ್ ಹಾಕ್ಕೊಳ್ಳಿ. ಗ್ಯಾರೇಜಿನಲ್ಲಿ ಕೆಲಸ ಮಾಡೋ ಹುಡುಗನಿಗೂ ಹೇಳಿ. ಈ ಸರಣೀಲಿ ಬೇರೆ ಯಾವುದನ್ನೂ ಶೇರ್ ಮಾಡದಿದ್ರೂ ಪರವಾಗಿಲ್ಲ, ಇದೊಂದು ಭಾಗ ಮಾಡಿ.

ಭಾಗ 6/10 – ಪ್ಲೇಟ್ ಅಗ್ಗ, ತಲುಪೋದು ದುಬಾರಿ

ಮತ್ತೆ ಯಂತ್ರಕ್ಕೆ ಬರೋಣ. ಕೋನ್ ಹೋಗಿ ಒಂಟಿ ಪ್ಲೇಟಿನ ಕ್ಲಚ್ ಬಂತು. ಒಂದು ಕಡೆ ಫ್ಲೈವೀಲು, ಇನ್ನೊಂದು ಕಡೆ ಪ್ರೆಷರ್ ಪ್ಲೇಟು, ನಡುವೆ ಸ್ಯಾಂಡ್‌ವಿಚ್ ಥರ ಕ್ಲಚ್ ಪ್ಲೇಟು. ಮೊದಲು ಒತ್ತೋ ಕೆಲಸಕ್ಕೆ ಸುತ್ತಲೂ ಚಿಕ್ಕ ಚಿಕ್ಕ ಸುರುಳಿ ಸ್ಪ್ರಿಂಗು. 1930ರ ದಶಕದ ಕೊನೆಗೆ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಅವುಗಳ ಜಾಗದಲ್ಲಿ ಒಂದೇ ಒಂದು ತಟ್ಟೆಯಾಕಾರದ ಡಯಾಫ್ರಮ್ ಸ್ಪ್ರಿಂಗ್ ಹಾಕಿತು. ಸುರುಳಿ ಸ್ಪ್ರಿಂಗ್ ಇದ್ದಾಗ ಪ್ಲೇಟ್ ಸವೆದಷ್ಟೂ ಒತ್ತಡ ಕಮ್ಮಿ ಆಗ್ತಿತ್ತು. ತಟ್ಟೆ ಸ್ಪ್ರಿಂಗಿನಲ್ಲಿ ಪ್ಲೇಟ್ ಸವೆದರೂ ಒತ್ತಡ ಹೆಚ್ಚು ಬೀಳಲ್ಲ, ಕಾಲಿಗೂ ಹಗುರ. ನೀವು ಈಗ ಓಡಿಸೋ ಮ್ಯಾನುವಲ್ ಕಾರಿನಲ್ಲಿ ಇರೋದು ಇದೇ.

ಈಗ 1961ಕ್ಕೆ ಬನ್ನಿ. ಜಿನೀವಾ ಶೋನಲ್ಲಿ ಜಾಗ್ವಾರ್ ಇ-ಟೈಪ್ ಬಂತು. 3.8 ಲೀಟರ್, ಆರು ಸಿಲಿಂಡರ್. ನೋಡಿದೋರೆಲ್ಲ ಬಾಯಿ ಬಿಟ್ರು. ಆದರೆ ಅದರ ಕ್ಲಚ್ ಬದಲಾಯಿಸಬೇಕು ಅಂದ್ರೆ ಗೇರ್‌ಬಾಕ್ಸ್ ಒಂದನ್ನೇ ಕೆಳಗಿಳಿಸೋಕೆ ದಾರಿ ಇಲ್ಲ. ಇಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಹೊರಗೆ ತೆಗೀಬೇಕು. ಒಂದು ಪ್ಲೇಟಿಗಾಗಿ ಅರ್ಧ ಕಾರು ಬಿಚ್ಚೋದು!

ಉಲ್ಟಾ ಉದಾಹರಣೆಯೂ ಇದೆ. ಫೆರಾರಿ ಎಫ್355 ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸೋಕೆ ಇಂಜಿನ್ ಇಳಿಸ್ತಾರೆ. ಕ್ಲಚ್ಚು ಮಾತ್ರ ಕಾರಿನ ಹಿಂತುದೀಲಿ, ಗೇರ್‌ಬಾಕ್ಸಿನ ಆಚೆ ಇದೆ. ಇಂಜಿನ್ ಮುಟ್ಟದೇ ಬದಲಾಯಿಸಬಹುದು. ಸೂಪರ್‌ಕಾರಿನ ಕ್ಲಚ್ ಬಿಲ್ ನೋಡಿ ಬೆಚ್ಚಿಬೀಳೋ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ದುಡ್ಡು ಪ್ಲೇಟಿಗೆ ಹೋಗ್ತಿದೆಯೋ, ಅಲ್ಲಿಗೆ ತಲುಪೋ ಕೂಲಿಗೋ?

ಭಾಗ 7/10 – ಚಿಕ್ಕದಾದಷ್ಟೂ ಚುರುಕು

ರೇಸಿನವರಿಗೆ ಬೇರೇನೇ ತಲೆನೋವು. ಇಂಜಿನ್ ಬಲ ಜಾಸ್ತಿ ಆದ್ರೆ ದೊಡ್ಡ ಕ್ಲಚ್ ಹಾಕಿದ್ರಾಯ್ತು ಅಂತ ನಾವು ಅಂದ್ಕೋತೀವಿ. ಆದರೆ ದೊಡ್ಡ ಪ್ಲೇಟನ್ನ ತಿರುಗಿಸೋಕೂ, ನಿಧಾನಿಸೋಕೂ ಕಷ್ಟ. ದಪ್ಪ ಅಷ್ಟೇ ಇದ್ರೆ ಪ್ಲೇಟಿನ ಜಡತ್ವ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ ಏರುತ್ತೆ. ವ್ಯಾಸ ಅರ್ಧ ಮಾಡಿದ್ರೆ ಜಡತ್ವ ಹದಿನಾರರಲ್ಲಿ ಒಂದು ಭಾಗ. ಪರೀಕ್ಷೆಗೆ ಬರೆದ ಸೂತ್ರ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

ಹಾಗಾದ್ರೆ ಚಿಕ್ಕ ಕ್ಲಚ್ಚಿಗೆ ಹಿಡಿತ ಎಲ್ಲಿಂದ ಬರಬೇಕು? ಎರಡು ದಾರಿ. ಒಂದು, ಉಜ್ಜೋ ಮುಖಗಳನ್ನ ಹೆಚ್ಚಿಸೋದು. ಒಂದು ಪ್ಲೇಟಿಗೆ ಎರಡು ಮುಖ, ಎರಡು ಪ್ಲೇಟಿಗೆ ನಾಲ್ಕು, ಮೂರಕ್ಕೆ ಆರು. ಇನ್ನೊಂದು, ವಸ್ತುವನ್ನೇ ಬದಲಾಯಿಸೋದು. ಲೋಹದ ಪುಡಿಯನ್ನ ಒತ್ತಿ, ಕಾಯಿಸಿ ಮಾಡಿದ ಸಿಂಟರ್ಡ್ ಬಿಲ್ಲೆಗಳು ಬಂದವು. ವಿಮಾನದ ಬ್ರೇಕಿಗಾಗಿ ಬೆಳೆದ ಕಾರ್ಬನ್, 1980ರ ದಶಕದಲ್ಲಿ ಫಾರ್ಮುಲಾ 1 ಕಾರಿನ ಕ್ಲಚ್ಚಿಗೆ ಬಂತು. ಈಗ ಆ ಕ್ಲಚ್ ಅಂಗೈ ಮೇಲೆ ಕೂರುತ್ತೆ.

ಆದರೆ ರೇಸ್ ಕಾರಿನ ಕ್ಲಚ್ಚಿಗೆ ಒಂದು ಸುಖ ಇದೆ: ಟ್ರಾಫಿಕ್ ಇಲ್ಲ. ಸ್ಟಾರ್ಟ್‌ನಲ್ಲಿ ಒಮ್ಮೆ, ಪಿಟ್‌ನಲ್ಲಿ ಒಂದೆರಡು ಸಲ ಜಾರಬೇಕು, ಅಷ್ಟೇ. ಅದನ್ನ ತಂದು ರಸ್ತೆಗೆ ಬಿಟ್ರೆ ಏನಾಗುತ್ತೆ?

ಭಾಗ 8/10 – 169 ಮಿಲಿಮೀಟರ್

2003ರಲ್ಲಿ ಪೋರ್ಷೆ ಕರೆರಾ ಜಿಟಿ ಬಂತು. 5.7 ಲೀಟರ್ ವಿ10, 612 ಅಶ್ವಶಕ್ತಿ, ಆರು ಗೇರಿನ ಮ್ಯಾನುವಲ್. ಮಾಡಿದ್ದು ಬರೀ 1270 ಕಾರು. ಅದರ ಕ್ಲಚ್ಚು ಎರಡು ಪ್ಲೇಟಿನ ಸೆರಾಮಿಕ್ ಕ್ಲಚ್, ವ್ಯಾಸ 169 ಮಿ.ಮೀ. ಅಂದ್ರೆ ಊಟದ ತಟ್ಟೆ ಅಲ್ಲ, ತಿಂಡಿ ಪ್ಲೇಟು. 240 ಮಿ.ಮೀ.ನ ಪ್ಲೇಟಿಗೆ ಹೋಲಿಸಿದ್ರೆ, ಹಿಂದಿನ ಲೆಕ್ಕದ ಪ್ರಕಾರ, ಜಡತ್ವ ಕಾಲು ಭಾಗ.

ಯಾಕೆ ಇಷ್ಟು ಚಿಕ್ಕದು? ಕ್ಲಚ್ ಚಿಕ್ಕದಾದ್ರೆ ಇಂಜಿನ್ನನ್ನ ನೆಲಕ್ಕೆ ಇನ್ನೂ ಹತ್ತಿರ ಕೂರಿಸಬಹುದು. ಭಾರ ಕೆಳಗಿದ್ದಷ್ಟೂ ತಿರುವಿನಲ್ಲಿ ಕಾರು ಗಟ್ಟಿ.

ಅದಕ್ಕೆ ತೆತ್ತ ಬೆಲೆ? ಜಡತ್ವವೇ ಇಲ್ಲದ ಇಂಜಿನ್ ಒಂದು ಚೂರು ತಪ್ಪಾದ್ರೂ ಆಫ್ ಆಗುತ್ತೆ. ಅನುಭವ ಇರೋ ಡ್ರೈವರುಗಳೇ ಜನರ ಮುಂದೆ ಈ ಕಾರನ್ನ ಆಫ್ ಮಾಡಿ ಮುಖ ಕೆಂಪಗೆ ಮಾಡ್ಕೊಂಡಿದ್ದಾರೆ. ಉಪಾಯ ಏನಂದ್ರೆ, ಹೊರಡುವಾಗ ಆಕ್ಸಿಲರೇಟರ್ ಮುಟ್ಟಲೇಬಾರದು. ಕ್ಲಚ್ ಮಾತ್ರ ನಿಧಾನಕ್ಕೆ ಬಿಟ್ರೆ ಇಂಜಿನ್ ತಾನೇ ಸಂಭಾಳಿಸುತ್ತೆ. ಭಯಬಿದ್ದು ರೇಸ್ ಕೊಟ್ಟು ಜಾರಿಸಿದ್ರೆ ದುಬಾರಿ ಪ್ಲೇಟು ಪುಡಿ ಆಗುತ್ತೆ. ನಮ್ಮ ಡ್ರೈವಿಂಗ್ ಸ್ಕೂಲಿನ ಮೊದಲ ದಿನದ ಪಾಠ ನೆನಪಾಯ್ತಾ? "ಆಕ್ಸಿಲರೇಟರ್ ಬೇಡ, ಬರೀ ಕ್ಲಚ್ ಬಿಡಿ, ಗಾಡಿ ತಾನೇ ಹೋಗುತ್ತೆ." ಅದೇ ಪಾಠ, 612 ಅಶ್ವಶಕ್ತಿಗೆ.

ಭಾಗ 9/10 – ಪೆಡಲ್ ಹೋಯ್ತು, ಸವೆತ ಹೋಗಲಿಲ್ಲ

1997ರಲ್ಲಿ ಫೆರಾರಿ ಎಫ್355ಕ್ಕೆ ಸ್ಟೀರಿಂಗ್ ಹಿಂದೆ ಎರಡು ಪ್ಯಾಡಲ್ ಬಂದವು. ಕ್ಲಚ್ ಪೆಡಲ್ ಮಾಯ. ಜನ ಇದನ್ನ ಆಟೋಮ್ಯಾಟಿಕ್ ಅಂದ್ಕೊಂಡರು. ಆದರೆ ಒಳಗಿದ್ದಿದ್ದು ಅದೇ ಮ್ಯಾನುವಲ್ ಗೇರ್‌ಬಾಕ್ಸು, ಅದೇ ಒಣ ಕ್ಲಚ್ಚು. ನಿಮ್ಮ ಎಡಗಾಲಿನ ಕೆಲಸವನ್ನ ಕಂಪ್ಯೂಟರು ಮತ್ತು ಹೈಡ್ರಾಲಿಕ್ ಪಂಪು ಮಾಡ್ತಿದ್ದವು, ಅಷ್ಟೇ.

ಹಾಗಾಗಿ ಸಿಲ್ಕ್ ಬೋರ್ಡ್ ಥರದ ಟ್ರಾಫಿಕ್ಕಿನಲ್ಲಿ ಇಂಥ ಕಾರು ಅಂಗುಲ ಅಂಗುಲ ತೆವಳಿದ್ರೆ ಒಳಗೆ ನಡೀತಿರೋದು ಹಾಫ್ ಕ್ಲಚ್ಚೇ. ಏರಿನಲ್ಲಿ ರಿವರ್ಸ್ ತೆಗೆಯೋದು ಇನ್ನೂ ಕೆಟ್ಟದು. ಕಾಲಿಗೆ ಏನೂ ಗೊತ್ತಾಗಲ್ಲ. ಅದಕ್ಕೇ ಇಂಥ ಕಾರುಗಳ ಕಂಪ್ಯೂಟರು ಸವೆತದ ಲೆಕ್ಕ ಇಡುತ್ತೆ, ವರ್ಕ್‌ಶಾಪಿನಲ್ಲಿ ಯಂತ್ರ ಚುಚ್ಚಿ ಶೇಕಡಾ ಇಷ್ಟು ಅಂತ ಓದ್ತಾರೆ. ಹಳೇ ಸೂಪರ್‌ಕಾರ್ ಕೊಳ್ಳೋರು ಓಡಿದ ಕಿ.ಮೀ. ಜೊತೆ ಆ ಶೇಕಡಾನೂ ಕೇಳ್ತಾರೆ.

ಇದಕ್ಕೆ ಪರಿಹಾರದ ಬೀಜ ತುಂಬಾ ಹಿಂದೆಯೇ ಬಿದ್ದಿತ್ತು. ಅಡಾಲ್ಫ್ ಕೆಗ್ರೆಸ್ ಅಂತ ಫ್ರೆಂಚ್ ಇಂಜಿನಿಯರ್, ಒಂದು ಕಾಲಕ್ಕೆ ರಷ್ಯಾದ ಚಕ್ರವರ್ತಿಯ ಕಾರುಗಳನ್ನ ನೋಡ್ಕೋತಿದ್ದೋರು, 1930ರ ದಶಕದ ಕೊನೆಗೆ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಯೋಚಿಸಿದರು. ಒಂದು ಕ್ಲಚ್ 1, 3, 5ನೇ ಗೇರಿಗೆ, ಇನ್ನೊಂದು 2, 4ಕ್ಕೆ. ಒಂದು ಬಿಡೋ ಹೊತ್ತಿಗೆ ಇನ್ನೊಂದು ಹಿಡಿಯುತ್ತೆ. ಅದನ್ನ ಪಳಗಿಸೋ ಎಲೆಕ್ಟ್ರಾನಿಕ್ಸ್ ಆಗ ಇರಲಿಲ್ಲ. 1980ರ ದಶಕದಲ್ಲಿ ಪೋರ್ಷೆ ಅದನ್ನ ರೇಸಿಗೆ ಇಳಿಸಿತು, 2003ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಅದನ್ನ ರಸ್ತೆಗೆ ತಂತು. 2005ರ ಬುಗಾಟಿ ವೇರಾನ್ 1001 ಅಶ್ವಶಕ್ತಿಯನ್ನೂ ಎರಡು ಕ್ಲಚ್ಚಿನ ಮೂಲಕವೇ ಕಳಿಸಿತು.

ಬಲವಾದ ಕಾರುಗಳಲ್ಲಿ ಈ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತೆ. ಶಾಖವನ್ನ ಎಣ್ಣೆ ಹೊತ್ಕೊಂಡು ಹೋಗುತ್ತೆ. ಪ್ಲೇಟಿನ ಬದಲು ಎಣ್ಣೆ, ಫಿಲ್ಟರ್ ಆಗಾಗ ಬದಲಾಯಿಸ್ತೀರಿ. ದೊಡ್ಡ ತಂತ್ರ ಅನ್ಸುತ್ತಾ? ನಿಮ್ಮ ಬೈಕಿನ ಕ್ಲಚ್ಚೂ ಬಹುಶಃ ಎಣ್ಣೆಯಲ್ಲೇ ಇದೆ. ಅದಕ್ಕೇ ಬೈಕಿಗೆ ಕಾರಿನ ಎಣ್ಣೆ ಹಾಕಬೇಡಿ ಅನ್ನೋದು. ಜಾರಿಕೆ ಹೆಚ್ಚಿಸೋ ರಾಸಾಯನಿಕ ಅದರಲ್ಲಿದ್ರೆ ಕ್ಲಚ್ ಹಿಡಿಯಲ್ಲ.

ಭಾಗ 10/10 – ಬದಲಾಯಿಸೋ ದಿನ ಬಂದ್ರೆ

ಕ್ಲಚ್ ಹೋಗಿದೆಯಾ ಅಂತ ನೋಡೋದು ಸುಲಭ. ಖಾಲಿ ರಸ್ತೇಲಿ ಮೇಲಿನ ಗೇರಿನಲ್ಲಿ ನಿಧಾನಕ್ಕೆ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರಿ ವೇಗ ಮಾತ್ರ ಏರದಿದ್ರೆ ಪ್ಲೇಟು ಜಾರ್ತಿದೆ.

ಇನ್ನು ಆಯ್ಕೆ. ಹಿಂದಿನ ಭಾಗಗಳನ್ನ ಓದಿದ್ರೆ ಉತ್ತರ ನಿಮಗೇ ಗೊತ್ತು.

🔸 ಆರ್ಗ್ಯಾನಿಕ್ ಪ್ಲೇಟು: ಚರ್ಮದ, ಕಲ್ನಾರಿನ ಮೊಮ್ಮಗ, ಆದರೆ ಈಗ ಗಾಜಿನ ನಾರು, ರಾಳ ಇತ್ಯಾದಿ ಸೇರಿಸಿ ಮಾಡಿದ್ದು. ಮೆತ್ತಗೆ ಹಿಡಿಯುತ್ತೆ, ಟ್ರಾಫಿಕ್ಕಿಗೆ ಒಳ್ಳೇದು. ಅತಿ ಬಿಸಿಯಾದ್ರೆ ಹಿಡಿತ ಬಿಡುತ್ತೆ.
🔸 ಸಿಂಟರ್ಡ್ ಅಥವಾ ಸೆರಾಮಿಕ್ ಬಿಲ್ಲೆ: ಬಿಸಿ ತಡೆಯುತ್ತೆ, ಗಟ್ಟಿಯಾಗಿ ಹಿಡಿಯುತ್ತೆ. ಸಿಗ್ನಲ್‌ನಲ್ಲಿ ಕಾರು ಗಡಗಡ ನಡುಗುತ್ತೆ, ಫ್ಲೈವೀಲನ್ನೂ ಬೇಗ ತಿನ್ನುತ್ತೆ.
🔸 ಎರಡು ಪ್ಲೇಟಿನ ಕ್ಲಚ್ಚು: ಬಲ ಹೆಚ್ಚಿಸಿದ ಕಾರನ್ನ ದಿನಾ ಓಡಿಸೋರಿಗೆ ನಡುದಾರಿ. ಬೆಲೆ ಜಾಸ್ತಿ.
🔸 ಕಾರ್ಬನ್: ಹಗುರ, ಬಿಸಿಗೆ ಹೆದರಲ್ಲ. ಜೇಬಿಗೆ ಭಾರ.

ಯಾವುದೇ ಹಾಕ್ಸಿ, ಬಿಚ್ಚಿದಾಗಲೇ ರಿಲೀಸ್ ಬೇರಿಂಗ್, ಪ್ರೆಷರ್ ಪ್ಲೇಟ್ ಬದಲಾಯಿಸಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಬಿರುಕು ಇದೆಯಾ ನೋಡಿ. ಇಂಜಿನ್ ಹಿಂಭಾಗದ ಸೀಲ್ ಸೋರ್ತಿದ್ರೆ ಮೊದಲು ಅದನ್ನ ಸರಿಮಾಡಿ, ಇಲ್ಲಾಂದ್ರೆ ಹೊಸ ಪ್ಲೇಟೂ ಎಣ್ಣೆ ಕುಡಿದು ಜಾರುತ್ತೆ. ಪ್ಲೇಟಿಗಿಂತ ಕೂಲಿ ದುಬಾರಿ ಅನ್ನೋದನ್ನ ಇ-ಟೈಪ್ ಕಥೇಲಿ ನೋಡಿದ್ವಲ್ಲ.

ಕೊನೇ ಮಾತು. 2013ರಲ್ಲಿ ಪೋರ್ಷೆ 911 ಜಿಟಿ3 ಕಾರಿನಿಂದ ಮ್ಯಾನುವಲ್ ತೆಗೆದುಹಾಕಿತು. ಎರಡು ಕ್ಲಚ್ಚಿನ ಗೇರ್‌ಬಾಕ್ಸೇ ವೇಗ ಅಂತ. ಪ್ರಿಯರು ಗಲಾಟೆ ಮಾಡಿದರು. 2016ರಲ್ಲಿ 911 ಆರ್ ಅಂತ 991 ಕಾರು ಬಂತು, ಬರೀ ಮ್ಯಾನುವಲ್. 2017ರಲ್ಲಿ ಜಿಟಿ3ಗೂ ಮೂರನೇ ಪೆಡಲ್ ವಾಪಸ್. ಸವೆಯುತ್ತೆ ಅಂತ ಗೊತ್ತಿದ್ದೂ ಜನ ಅದನ್ನೇ ಕೇಳಿ ತಗೊಂಡರು.

ಎಲೆಕ್ಟ್ರಿಕ್ ಕಾರಿಗೆ ಇದ್ಯಾವುದೂ ಬೇಡ. ಮೋಟಾರು ಸೊನ್ನೆಯಿಂದಲೇ ಪೂರ್ತಿ ಬಲ ಕೊಡುತ್ತೆ. 2001ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಟ ಪುಟ್ಟ ರೇವಾಗೂ ಕ್ಲಚ್ ಇರಲಿಲ್ಲ. ನಿಮ್ಮ ಮಕ್ಕಳಿಗೆ ಹಾಫ್ ಕ್ಲಚ್ ಅಂದ್ರೇನು ಅಂತ ವಿವರಿಸಿ ಹೇಳಬೇಕಾಗಬಹುದು. ಹೇಳುವಾಗ ಬರ್ಥಾಗೆ ಚರ್ಮ ಹೊಡೆದುಕೊಟ್ಟ ಚಮ್ಮಾರನನ್ನೂ ನೆಲ್ಲಿ ಕರ್ಷಾನೂ ಬಿಡಬೇಡಿ.

ನೀವು ಮೊದಲ ಸಲ ಕ್ಲಚ್ ಸುಟ್ಟಿದ್ದು ಎಲ್ಲಿ? ಯಾವ ಏರಿನಲ್ಲಿ? ಪಕ್ಕದಲ್ಲಿ ಕೂತು ಬೈದೋರು ಯಾರು? ಕಾಮೆಂಟ್‌ನಲ್ಲಿ ಬರೀರಿ, ಎಲ್ಲಾ ಓದ್ತೀನಿ. ಮುಂದಿನ ಸರಣಿ: ಬ್ರೇಕು.

#ಕ್ಲಚ್‌ಚರಿತ್ರೆ #ಕನ್ನಡದಲ್ಲಿಕಾರು #ಹಾಫ್‌ಕ್ಲಚ್ #ಓದ್ರಪ್ಪಾಓದಿ